ಊರಿಗೆ ಬಂದು ಹೋಗುವ ಮಕ್ಕಳಿಗೆ

ಈ ಸಲ ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ಮೊಮ್ಮಗಳು ಬೆಂಗಳೂರಿನಿಂದ ನಾಲ್ವರು ಗೆಳತಿಯರನ್ನು ಕರೆದುಕೊಂಡು ಸುಂಟಿಕೊಪ್ಪದ ಮನೆಗೆ ಬಂದಿದ್ದಳು. ಶನಿವಾರ ಬೆಳಿಗ್ಗೆ ಬಂದವರು ಭಾನುವಾರ ಮಧ್ಯಾಹ್ನ ಹೊರಟರು. ಅಷ್ಟರೊಳಗೆ ಅಬ್ಬಿ ಜಲಪಾತ ಆಯಿತು, ರಾಜಾಸೀಟ್ ಆಯಿತು, ಜೀಪಿನಲ್ಲಿ ಮಾಂದಲಪಟ್ಟಿ ಆಯಿತು, ದುಬಾರೆಯ ಆನೆಗಳೂ ಆದವು. ಹೊರಡುವಾಗ ಕಾರಿನ ಡಿಕ್ಕಿಯಲ್ಲಿ ಚಾಕೊಲೇಟ್ ಡಬ್ಬಿಗಳು, ಒಂದು ಬಾಟಲಿ ಜೇನು, ಒಂದು ಬಲೆಚೀಲದ ತುಂಬ ಕಿತ್ತಳೆ. ಕೊಡಗಿನ ಕಿತ್ತಳೆ ಅಂತ ಹೇಳಿ ರಸ್ತೆ ಬದಿಯಲ್ಲಿ ಯಾರೋ ಮಾರಿದ್ದರು. ಒಂದನ್ನು ಕೈಗೆ ತೆಗೆದುಕೊಂಡು ನೋಡಿದೆ. ಉಬ್ಬಿದ ಸಿಪ್ಪೆ, ಗಾಢ ಬಣ್ಣ, ತೊಟ್ಟಿನ ಹತ್ತಿರ ಕುತ್ತಿಗೆಯ ಹಾಗೆ ಎದ್ದ ಗುಬುಟು. ನಾಗಪುರದ ಹಣ್ಣು. "ಇದು ನಮ್ಮದಲ್ಲ ಮಗಳೇ" ಅಂದೆ. ಅವಳ ಮುಖ ಸಣ್ಣಗಾಯಿತು. "ಹಾಗಾದ್ರೆ ನಮ್ಮದು ಹೇಗಿರ್ತದೆ ಅಜ್ಜ?" ಅಂತ ಕೇಳಿದಳು.

ಇಪ್ಪತ್ತಾರು ವರ್ಷದ ಹುಡುಗಿ. ಈ ಊರಲ್ಲೇ ಹುಟ್ಟಿ ಹೈಸ್ಕೂಲಿನವರೆಗೆ ಇಲ್ಲೇ ಓದಿದವಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೇಳಿಕೊಡಬೇಕಾದವನು ನಾನು, ಹೇಳಿಕೊಡಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅವಳಿಗೆ ಹೇಳದೆ ಉಳಿದದ್ದನ್ನು ಅವಳಿಗೂ, ಅವಳ ವಯಸ್ಸಿನ ನಿಮ್ಮೆಲ್ಲರಿಗೂ ಈಗಲಾದರೂ ಹೇಳಬೇಕು ಅಂತ ಬರೆಯಲು ಕೂತಿದ್ದೇನೆ.

ನಾನು ಈ ಸುತ್ತಿನ ಕಾಫಿ ತೋಟಗಳಲ್ಲಿ ಮೂವತ್ತೇಳು ವರ್ಷ ರೈಟರ್ ಆಗಿದ್ದವನು. ಬೆಳಿಗ್ಗೆ ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು, ಸಂಜೆ ಕಣದಲ್ಲಿ ಹಣ್ಣು ಅಳೆಸಿ, ಶನಿವಾರ ಬಟವಾಡೆ ಮಾಡಿದವನು. ದೊಡ್ಡ ಓದು ಓದಿದವನಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಹೂಮಳೆ ಬಿದ್ದ ಎಂಟನೆಯ ದಿನಕ್ಕೋ ಒಂಬತ್ತನೆಯ ದಿನಕ್ಕೋ ಬೆಟ್ಟ ಪೂರಾ ಬೆಳ್ಳಗಾಗಿ ಮಲ್ಲಿಗೆಯಂತೆ ಘಮಘಮಿಸುವುದನ್ನು ಮೂವತ್ತೇಳು ಸಲ ನೋಡಿದ್ದೇನೆ. ಆ ಅನುಭವದ ಮೇಲೆ ಮಾತಾಡುತ್ತಿದ್ದೇನೆ.

ಮೊದಲು ಕಿತ್ತಳೆಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ನಮ್ಮ ಕಿತ್ತಳೆ ಹಣ್ಣಾದರೂ ಪೂರ್ತಿ ಕೆಂಪಾಗುವುದಿಲ್ಲ, ಹಸಿರು ಹಳದಿ ಬೆರೆತೇ ಇರುತ್ತದೆ. ಬೀಜ ಹೆಚ್ಚು. ಬಾಯಿಗಿಟ್ಟರೆ ಮೊದಲು ಹುಳಿ, ಅದರ ಬೆನ್ನಿಗೇ ಸಿಹಿ. ಬುಟ್ಟಿಯಲ್ಲಿ ವಾರಗಟ್ಟಲೆ ಇಟ್ಟರೂ ಬೇಗ ಕೆಡದು. ಕಾಫಿ ಗಿಡಗಳ ನಡುವೆ, ನೆರಳಿನಲ್ಲೇ ಬೆಳೆಯುತ್ತಿದ್ದ ಮರ ಅದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಾಹುಕಾರರು ಕಾಫಿಯ ಲೆಕ್ಕ ಒಂದು ಪುಸ್ತಕದಲ್ಲಿ, ಕಿತ್ತಳೆಯ ಲೆಕ್ಕ ಇನ್ನೊಂದು ಪುಸ್ತಕದಲ್ಲಿ ಬರೆಸುತ್ತಿದ್ದರು. ಕಿತ್ತಳೆಯ ದುಡ್ಡಿನಲ್ಲೇ ತೋಟದ ಖರ್ಚು ನಡೆದು, ಕಾಫಿಯ ದುಡ್ಡು ಹಾಗೇ ಕೈಯಲ್ಲಿ ಉಳಿಯುತ್ತಿತ್ತು ಎನ್ನುವ ಕಾಲ. ಆಮೇಲೆ ಗ್ರೀನಿಂಗ್ ಅನ್ನುವ ರೋಗ ಬಂತು. ಚಿಗುರಿನ ರಸ ಹೀರುವ ಒಂದು ಸಣ್ಣ ಕೀಟ ಅದನ್ನು ಮರದಿಂದ ಮರಕ್ಕೆ ಹೊತ್ತಿತು. ಎಲೆ ಅಲ್ಲಲ್ಲಿ ಹಳದಿಯಾಗಿ, ರೆಂಬೆ ತುದಿಯಿಂದ ಒಣಗುತ್ತಾ ಬಂದು, ಹಣ್ಣು ಸಣ್ಣಗೆ ಸೊಟ್ಟಗೆ ಉಳಿದು ಮರ ಸಾಯುತ್ತಿತ್ತು. ಕಾಫಿಗೂ ಕರಿಮೆಣಸಿಗೂ ಬೆಲೆ ಬಂದಾಗ ಸತ್ತ ಕಿತ್ತಳೆಯ ಜಾಗಕ್ಕೆ ಮತ್ತೆ ಕಿತ್ತಳೆ ಇಡುವವರು ಕಡಿಮೆಯಾದರು. ಎರಡನೆಯ ಪುಸ್ತಕ ಒಂದು ವರ್ಷ ಬರೆಯದೆ ಹಾಗೇ ಉಳಿಯಿತು.

ಇಲ್ಲಿಂದ ಚೆಟ್ಟಳ್ಳಿಗೆ ಎಷ್ಟು ದೂರ? ಬಸ್ಸಿನಲ್ಲಿ ಹೋಗಿ ಬರುವ ದಾರಿ. ಅಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ, ಕಾಫಿ ಸಂಶೋಧನಾ ಉಪಕೇಂದ್ರವೂ ಇದೆ. ರೋಗವಿಲ್ಲದ ಕಿತ್ತಳೆ ಸಸಿಗಾಗಿ ಎಷ್ಟೋ ವರ್ಷಗಳಿಂದ ದುಡಿಯುತ್ತಿರುವವರು ಅಲ್ಲಿದ್ದಾರೆ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2019ರಲ್ಲಿ ಕೊಡಗಿನ ಅರೇಬಿಕಾಕ್ಕೂ ಆ ಮಾನ್ಯತೆ ಬಂತು. ಮಾನ್ಯತೆ ಅಂದರೆ ಒಂದು ಕಾಗದ. ಹಣ್ಣನ್ನು ಗುರುತಿಸುವ ಕಣ್ಣು ನಮ್ಮ ಮಕ್ಕಳಿಗೇ ಇಲ್ಲದೆ ಹೋದರೆ ಆ ಕಾಗದವನ್ನು ಯಾವ ಗೋಡೆಗೆ ಹಾಕೋಣ? ನಿಮ್ಮ ಮನೆಯ ತೋಟದಲ್ಲಿ, ಇಲ್ಲವೇ ನೆಂಟರ ತೋಟದಲ್ಲಿ, ಎಲ್ಲೋ ಒಂದು ಮೂಲೆಯಲ್ಲಿ ಇನ್ನೂ ಒಂದು ಹಳೆಯ ಮರ ಉಳಿದಿರುತ್ತದೆ. ಮುಂದಿನ ಸಲ ಬಂದಾಗ ಮೊದಲು ಅದನ್ನು ಹುಡುಕಿ.

ನನ್ನ ಮನಸ್ಸಿನಲ್ಲಿರುವ ಮಾತು ಇಷ್ಟು. ನೀವು ಹುಟ್ಟಿದ ಊರಿಗೆ ಪ್ರವಾಸಿಗಳ ಹಾಗೆ ಬರಬೇಡಿ, ಮನೆಯವರ ಹಾಗೆ ಬನ್ನಿ. ಬೇರೆಯವರ ಊರಿಗೆ ಹೋಗುವಾಗ ಗಿರಾಕಿಗಳ ಹಾಗೆ ಹೋಗಬೇಡಿ, ನೆಂಟರ ಹಾಗೆ ಹೋಗಿ. ಮನೆಯವರಿಗೆ ಅಡುಗೆಮನೆ ಗೊತ್ತಿರುತ್ತದೆ, ಹಿತ್ತಲು ಗೊತ್ತಿರುತ್ತದೆ, ಯಾವ ಗೋಡೆ ಸೋರುತ್ತದೆ ಅನ್ನುವುದೂ ಗೊತ್ತಿರುತ್ತದೆ. ನೆಂಟನಿಗೆ ಬರಿಗೈಯಲ್ಲಿ ಹೋಗಲು ನಾಚಿಕೆ, ಚಪ್ಪಲಿ ಹೊರಗೆ ಬಿಡದೆ ಒಳಗೆ ಬರಲು ನಾಚಿಕೆ. ಗಿರಾಕಿಗೆ ಇವೆರಡೂ ಇಲ್ಲ. ದುಡ್ಡು ಕೊಟ್ಟೆ, ನೋಡಿದೆ, ಹೋದೆ.

ಸುಂಟಿಕೊಪ್ಪ ಅಂದರೆ ಏನಿದೆ, ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ಹದಿನೈದು ಹದಿನೈದು ಕಿಲೋಮೀಟರಿನಲ್ಲಿ ಚಹಾ ಕುಡಿಯಲು ನಿಲ್ಲುವ ಪೇಟೆ, ಅಂತ ನಿಮ್ಮಲ್ಲೇ ಕೆಲವರು ಹೇಳುವುದನ್ನು ಕೇಳಿದ್ದೇನೆ. ಅರೆಭಾಷೆ, ಕೊಡವ ತಕ್ಕ್, ತುಳು, ಮಲಯಾಳ, ಬ್ಯಾರಿ, ತಮಿಳು, ಕನ್ನಡ ಎಲ್ಲವೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬೀಳುವ ಊರು ಇದು. ಪೇಟೆಯಿಂದ ಒಂದು ಕಡೆ ಹೋದರೆ ಹಾಲೇರಿ. ಕೊಡಗನ್ನು ಇನ್ನೂರು ವರ್ಷಕ್ಕಿಂತ ಹೆಚ್ಚು ಆಳಿದ ಅರಸರ ಮೂಲ ನೆಲೆ. 1834ರಲ್ಲಿ ಚಿಕ್ಕವೀರರಾಜ ಪಟ್ಟ ಕಳೆದುಕೊಳ್ಳುವವರೆಗೂ ಆ ಮನೆತನದ ಹೆಸರಿಗೆ ಅಂಟಿಕೊಂಡು ಬಂದದ್ದು ಈ ಹಳ್ಳಿಯ ಹೆಸರೇ. ಇನ್ನೊಂದು ಕಡೆ ಹೋದರೆ ಚಿಕ್ಲಿಹೊಳೆ. ಅಲ್ಲಿ ತುಂಬಿದ ನೀರು ಅರ್ಧಚಂದ್ರದ ಹಾಗಿರುವ ಕಟ್ಟೆಯಿಂದ ಒಳಕ್ಕೆ ಬೀಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು.

ಇವಕ್ಕಿಂತ ನನಗೆ ಮುಖ್ಯವಾದದ್ದು ಗುಂಡುಕುಟ್ಟಿ ತೋಟ. 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದವರು ಇಲ್ಲಿ ಗುಂಡುಕುಟ್ಟಿ ಮಂಜುನಾಥಯ್ಯನವರ ಮನೆಯಲ್ಲಿ ಉಳಿದಿದ್ದರು. ಅದೇ ತೋಟದಲ್ಲಿ ಕೆಲಸಕ್ಕಿದ್ದವರ ಹೆಂಡತಿ, ಇಪ್ಪತ್ತೆರಡರ ಆಸುಪಾಸಿನ ಹೆಣ್ಣುಮಗಳು, ಗಾಂಧೀಜಿ ತಮ್ಮ ಮನೆಗೂ ಬರಬೇಕು ಅಂತ ಹಠ ಹಿಡಿದು ಉಪವಾಸ ಕೂತರು. ಗಾಂಧೀಜಿ ಬಂದರು. ಆಕೆ ಮೈಮೇಲಿನ ಒಡವೆ ಬಿಚ್ಚಿ ನಿಧಿಗೆ ಕೊಟ್ಟರು. ಆಕೆಯೇ ಕೊಡಗಿನ ಗೌರಮ್ಮ. ಕನ್ನಡದ ಮೊದಮೊದಲ ಕಥೆಗಾರ್ತಿಯರಲ್ಲಿ ಒಬ್ಬರು. 'ಕಂಬನಿ', 'ಚಿಗುರು' ಅವರ ಕಥಾ ಸಂಕಲನಗಳು. 1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜಲು ಹೋಗಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ನಿಮ್ಮದೇ ವಯಸ್ಸು. ತೋಟದಾಳುಗಳ ಲೈನ್ ಮನೆಗಳ ಮುಂದೆ ಹಾದು ಹೋಗುವ ಆ ಮಣ್ಣಿನ ದಾರಿಯಲ್ಲಿ ಒಬ್ಬ ಹುಡುಗಿ ಟೆನಿಸ್ ಆಡುತ್ತ, ಈಜುತ್ತ, ವಿಧವೆಯರ ಕಣ್ಣೀರಿನ ಬಗ್ಗೆ ಕಥೆ ಬರೆಯುತ್ತ ಬದುಕಿದ್ದಳು ಅಂತ ಗೊತ್ತಾದ ಮೇಲೆ ನನಗೆ ಆ ದಾರಿ ಮೊದಲಿನ ಹಾಗೆ ಕಾಣಲೇ ಇಲ್ಲ. ಗೆಳತಿಯರನ್ನು ಕರೆತಂದಾಗ ಜಲಪಾತಕ್ಕೆ ಬೇಕಾದರೆ ಹೋಗಿ, ಬೇಡವೆನ್ನುವುದಿಲ್ಲ. ಒಂದು ಸಂಜೆ ಈ ಕಥೆಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿ ಹೇಳಿ. ಕನ್ನಡ ಬಾರದ ಗೆಳತಿಗೆ ಅರ್ಥ ಮಾಡಿ ಹೇಳಿ.

ಪ್ರಯಾಣದ ವಿಷಯಕ್ಕೆ ಬರುತ್ತೇನೆ. ಕೊಡಗಿಗೆ ಇವತ್ತಿಗೂ ರೈಲಿಲ್ಲ. ನಾವು ನಡೆದೇ ಊರು ಕಂಡವರು, ಇಲ್ಲವೇ ಬಸ್ಸಿನಲ್ಲಿ. ನನಗೆ ಇಪ್ಪತ್ತು ವರ್ಷವಾಗಿದ್ದಾಗ ಮೂವರು ಸ್ನೇಹಿತರು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಟೆವು. ಮಡಿಕೇರಿ ದಾಟಿ ಚೇರಂಬಾಣೆ ಕಡೆಗೆ ನಡೆಯುವಾಗ ಮಳೆ ಹಿಡಿಯಿತು. ಕತ್ತಲಾಯಿತು. ರಸ್ತೆ ಬದಿಯ ಒಂದು ಮನೆಯವರು ಜಗಲಿಯಲ್ಲಿ ಚಾಪೆ ಹಾಸಿಕೊಟ್ಟರು. ಮನೆಯಾಕೆ ಬಿಸಿ ಗಂಜಿಗೆ ಹುಳಿ ಉಪ್ಪಿನಕಾಯಿ ಇಟ್ಟು, ನಮ್ಮ ಒದ್ದೆ ಕಂಬಳಿಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು. ಯಾರ ಮಕ್ಕಳು, ಯಾವ ಜಾತಿ ಅಂತ ಕೇಳಲಿಲ್ಲ. ಊಟ ಆಯಿತಾ ಅಂತ ಮಾತ್ರ ಕೇಳಿದರು. ಮರುವರ್ಷ ಹೋಗುವಾಗ ನಾವು ಒಂದು ಚೀಲ ಕಿತ್ತಳೆ ಹೊತ್ತುಕೊಂಡು ಹೋಗಿ ಆ ಜಗಲಿಯಲ್ಲಿ ಇಟ್ಟು ಬಂದೆವು. ಆ ಮನೆಯ ಮದುವೆಗೆ ಹೋಗಿದ್ದೇನೆ, ಸಾವಿಗೂ ಹೋಗಿದ್ದೇನೆ. ಆ ದಾರಿಯ ಬೆಟ್ಟಗುಡ್ಡ ಎಷ್ಟು ನೆನಪಿದೆಯೋ ಗೊತ್ತಿಲ್ಲ, ಒಲೆಯ ಹೊಗೆ ಹಿಡಿದ ಆ ಕಂಬಳಿಯ ವಾಸನೆ ಈಗಲೂ ಮೂಗಿನಲ್ಲಿದೆ.

ಈಗ ಕಾಲ ಬೇರೆ. ಅಪರಿಚಿತರ ಜಗಲಿಯಲ್ಲಿ ಮಲಗಿ ಅಂತ ನಿಮಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನಾನು ಹೇಳಲಾರೆ. ಆದರೆ ಹೋಂಸ್ಟೇಯಲ್ಲಿ ಉಳಿದರೂ ಆ ಮನೆಯವರೇ ಅಡುಗೆ ಮಾಡುವ, ಅವರೂ ಅಲ್ಲೇ ಇರುವ ಮನೆಯನ್ನು ಆರಿಸಿಕೊಳ್ಳಬಹುದಲ್ಲ? ಅಡುಗೆ ಮಾಡಿದ ಅಮ್ಮನ ಹೆಸರು ಕೇಳಬಹುದಲ್ಲ? ಕರ್ನಾಟಕದಲ್ಲೇ ನೀವು ನೋಡದ ಊರು ಎಷ್ಟಿವೆ. ಉಡುಪಿಯ ಕಡೆ ಹೋದರೆ ಮಟ್ಟುವಿನ ಗದ್ದೆಯಲ್ಲೇ ಗುಳ್ಳ ಕೊಳ್ಳಿ. ಮಲೆನಾಡಿನ ಹೊಳೆದಂಡೆಯಲ್ಲಿ ಅಪ್ಪೆಮಿಡಿಯ ಕಾಲಕ್ಕೆ ಹೋಗಿ, ಮಿಡಿಯ ತೊಟ್ಟು ಮುರಿದು ಮೂಸಿ ನೋಡಿ. ನಂಜನಗೂಡಿನ ರಸಬಾಳೆಗೂ ನಮ್ಮ ಕಿತ್ತಳೆಯ ಗತಿಯೇ ಬಂದಿತ್ತು, ಸೊರಗು ರೋಗದಿಂದ ತೋಟಕ್ಕೆ ತೋಟವೇ ಹೋಯಿತು. ಅದನ್ನು ಈಗಲೂ ಬಿಡದೆ ಬೆಳೆಸುತ್ತಿರುವ ರೈತರ ಜೊತೆ ಒಂದು ಗಂಟೆ ಕೂತು ಬನ್ನಿ. ಬಾಲಿ, ಬ್ಯಾಂಕಾಕ್ ಎಲ್ಲೂ ಓಡಿಹೋಗುವುದಿಲ್ಲ. ಅಲ್ಲಿಗೂ ಹೋಗುವಿರಂತೆ. ಅಲ್ಲಿಯ ಜನ ನಿಮ್ಮ ಊರಿನಲ್ಲಿ ಏನು ಬೆಳೆಯುತ್ತದೆ ಅಂತ ಕೇಳಿದಾಗ ತಡವರಿಸದೆ ಹೇಳುವ ಹಾಗಿರಬೇಕು.

ಋತು ನೋಡಿ ಬನ್ನಿ ಅನ್ನುವುದು ನನ್ನ ಇನ್ನೊಂದು ಕೋರಿಕೆ. ನೀವು ಬರುವುದು ಸಾಲು ರಜೆಗೆ. ನಾಲಿಗೆಗೆ ಕೊಡಗು ಸಿಗುವುದು ಮಳೆಗಾಲದಲ್ಲಿ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಆಗಸ್ಟ್ 3ಕ್ಕೆ, ಕೊಡವರ ಮನೆಯಲ್ಲೂ ನಮ್ಮ ಗೌಡರ ಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಅಷ್ಟು ದಿನ ಬೇಲಿ ಬದಿಯಲ್ಲಿ ಸುಮ್ಮನೆ ನಿಂತಿದ್ದ ಗಿಡಕ್ಕೆ ಆ ದಿನ ಹದಿನೆಂಟು ಬಗೆಯ ಔಷಧಿಯ ಗುಣ ಸೇರುತ್ತದೆ ಅಂತ ಹಿರಿಯರ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನಹಾಲು ಹಾಕಬೇಕು. ಆ ಪರಿಮಳವನ್ನು ಬರೆದು ತಿಳಿಸಲು ನನ್ನಿಂದ ಆಗದು, ಬಂದೇ ತಿನ್ನಬೇಕು. ಅದೇ ಕಾಲಕ್ಕೆ ಕಣಿಲೆ, ಅಂದರೆ ಎಳೆ ಬಿದಿರು, ಬರುತ್ತದೆ, ಅಣಬೆ ಏಳುತ್ತದೆ. ಕಣಿಲೆಯನ್ನು ಹೆಚ್ಚಿ ನೀರು ಬದಲಿಸುತ್ತ ನೆನೆಹಾಕದೆ ಬೇಯಿಸಬಾರದು. ಅದನ್ನು ಅಮ್ಮನ ಹತ್ತಿರ ಕಲಿಯಿರಿ. ಮನೆಯ ಬಿದಿರಿನದ್ದಾದರೆ ತಿನ್ನಿ, ಕಾಡಿಗೆ ನುಗ್ಗಿ ಕಡಿದು ತಂದದ್ದನ್ನು ಕೊಳ್ಳಬೇಡಿ. ಅಣಬೆಗೆ ಗೊತ್ತಿದ್ದವರು ಕೈ ಹಾಕದೆ ನೀವು ಕೈ ಹಾಕಬೇಡಿ.

ಕಾಚಂಪುಳಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಳೆಗೆ ಹಣ್ಣಾಗಿ ಉದುರಿದ ಕಾಚಂಪುಳಿಯನ್ನು ಬೆಳಗಾಗುತ್ತಲೇ ಆರಿಸಿ ತಂದು ಬುಟ್ಟಿಗೆ ತುಂಬುತ್ತಾರೆ. ಬುಟ್ಟಿಯ ಕೆಳಗೆ ಪಾತ್ರೆ. ಹಣ್ಣು ಕೊಳೆತು, ರಸ ಹನಿಹನಿಯಾಗಿ ದಿನಗಟ್ಟಲೆ ಇಳಿಯುತ್ತದೆ. ಹಿಂಡುವುದಿಲ್ಲ, ಅವಸರ ಮಾಡುವುದಿಲ್ಲ. ಇಳಿದ ರಸವನ್ನು ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಯಲ್ಲಿ ಕುದಿಸುತ್ತ ಬಂದರೆ ಕಡೆಗೆ ಡಾಂಬರಿನ ಹಾಗೆ ಕಪ್ಪಗೆ ಮಂದವಾಗುತ್ತದೆ. ಪಾತ್ರೆ ತುಂಬ ಇಳಿದ ರಸ ಒಂದು ಸಣ್ಣ ಭರಣಿಗೆ ಬಂದು ನಿಲ್ಲುತ್ತದೆ. ಆದರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ, ಪಂದಿಕರಿಗೆ ಒಂದೆರಡು ಚಮಚ ಸಾಕು. ನನ್ನ ಹೆಂಡತಿ ಇದ್ದಷ್ಟು ಕಾಲ ಪ್ರತಿ ಮಳೆಗಾಲ ಇದನ್ನು ಮಾಡಿದಳು. ಅಂಗಡಿಯಲ್ಲಿ ಬಾಟಲಿ ನೋಡಿ ದುಬಾರಿ ಅಂತ ಚೌಕಾಸಿ ಮಾಡುವ ಮೊದಲು ಒಮ್ಮೆ ಒಂದು ಬುಟ್ಟಿ ಹಣ್ಣು ಆರಿಸಿ ನೋಡಿ, ಮಕ್ಕಳೇ. ಬೆನ್ನು ಬಗ್ಗಿಸಿ, ಜಿಗಣೆ ಕಿತ್ತು ಹಾಕುತ್ತ. ಆಮೇಲೆ ಬೆಲೆ ಮಾತಾಡೋಣ.

ಜೇನಿನ ಮಾತೂ ಹಾಗೆಯೇ. ಆ ದಿನ ಹುಡುಗಿಯರು ಕೊಂಡ ಬಾಟಲಿಯ ಜೇನನ್ನು ಬೆರಳಿಗೆ ಹಚ್ಚಿ ನೋಡಿದೆ, ಬೆಲ್ಲದ ಪಾಕದ ರುಚಿ. ತೊಂಬತ್ತರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ನಮ್ಮ ತುಡುವೆ ಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಅಂಥದ್ದರಲ್ಲೂ ಕೈಬಿಡದೆ ಮತ್ತೆ ಹುಳು ಕೂರಿಸಿದ ಮನೆಗಳಿವೆ. ನಿಮ್ಮ ದುಡ್ಡು ಅಂಥ ಮನೆಗೆ ಹೋಗಲಿ. ನೇರಳೆ ಹೂವಿನ ಜೇನು ಸ್ವಲ್ಪ ಕಹಿ, ಕಾಫಿ ಹೂವಿನದು ತಿಳಿ. ಕಹಿಯಾಗಿದೆ ಅಂತ ವಾಪಸು ಕೊಡಬೇಡಿ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ತೋಟದ ನೆರಳಿಗೆ ಮೊದಲು ಇದ್ದದ್ದು ಕಾಡುಮರಗಳು: ಬಳಂಜಿ, ಅತ್ತಿ, ಹಲಸು, ನಂದಿ, ಬೀಟೆ. ಆಮೇಲೆ ಸಿಲ್ವರ್ ಓಕ್ ಬಂತು, ಆಸ್ಟ್ರೇಲಿಯಾದ ಮರ. ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರಲು ಕಾಡುಮರದಷ್ಟು ತೊಡಕಿಲ್ಲ. ಒಂದು ಬೇಸಿಗೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ತೋಟದಲ್ಲಿ ಹಳೆಯ ಅತ್ತಿಮರಗಳನ್ನೂ ಹಲಸಿನ ಮರಗಳನ್ನೂ ಕೆಡವಿಸಲಾಯಿತು. ಕೆಡವಿದ ಆಳುಗಳ ಚೆಕ್‌ರೋಲ್ ಬರೆದವನು ನಾನು. ಬೇಡ ಅನ್ನುವ ಒಂದು ಮಾತನ್ನೂ ಆಡಲಿಲ್ಲ, ಸಂಬಳದ ಭಯ. ಮರುವರ್ಷ ಆ ಕಡೆ ಮಂಗಟ್ಟೆ ಹಕ್ಕಿ ಬರಲಿಲ್ಲ. ರೆಕ್ಕೆ ಬಡಿದರೆ ಉಗಿಬಂಡಿ ಬಂದ ಹಾಗೆ ಸದ್ದು ಮಾಡುವ ಹಕ್ಕಿ. ಆ ಸದ್ದು ಇಲ್ಲದ ಬೆಳಗ್ಗೆಗಳಲ್ಲಿ ನನಗೆ ನಾನು ಬರೆದ ಚೆಕ್‌ರೋಲೇ ನೆನಪಾಗುತ್ತಿತ್ತು. ಹಲಸು ಇದ್ದರೆ ಆನೆ ಬರುತ್ತದೆ ಅಂತ ಈಗ ಕಾಯಿ ಎಳೆಯದಾಗಿರುವಾಗಲೇ ಕಿತ್ತು ಹಾಕುವವರಿದ್ದಾರೆ. ಆನೆಗೆ ಹೆದರಿ ಬದುಕುವವರ ಕಷ್ಟ ನನಗೆ ಗೊತ್ತು, ಅವರನ್ನು ದೂರುವುದಿಲ್ಲ. ಆದರೆ ನಾಳೆ ತೋಟ ನಿಮ್ಮ ಕೈಗೆ ಬರುತ್ತದೆ. ಆಗ ಮರ ಕಡಿಯುವ ಕಾಗದಕ್ಕೆ ಸಹಿ ಹಾಕುವ ಮುನ್ನ ಆ ಮರದ ಕೆಳಗೆ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಕೂತು, ಯಾರ್ಯಾರು ಬಂದು ಹೋಗುತ್ತಾರೆ ಅಂತ ಲೆಕ್ಕ ಬರೆಯಿರಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ನಿಮ್ಮ ಗ್ರಾಮದ್ದು ಎಲ್ಲಿದೆ, ಅದರ ಗಡಿಯ ಕಲ್ಲು ಎಲ್ಲಿದೆ ಅಂತ ತಿಳಿದುಕೊಳ್ಳಿ. ಒಳಗೆ ಕೊಡಲಿ ಒಯ್ಯಬಾರದು ಅನ್ನುವ ಹಿರಿಯರ ಕಟ್ಟುಪಾಡು ನಮ್ಮ ಹೊಳೆಗಳನ್ನು ಕಾದಿದೆ.

2018ರ ಆಗಸ್ಟ್ 16, 17 ನಿಮಗೆ ನೆನಪಿರಬೇಕು. ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಗುಡ್ಡಗಳು ತೋಟ ಮನೆ ಸಮೇತ ಜಾರಿ ಬಂದವು. ನಮ್ಮೂರಿನ ಪರಿಹಾರ ಕೇಂದ್ರದಲ್ಲಿ ನಾನೂ ಅನ್ನ ಬಡಿಸುತ್ತಿದ್ದೆ. ಒಬ್ಬ ಹಿರಿಯರು ತಟ್ಟೆ ಹಿಡಿದುಕೊಂಡು ಕೂತಿದ್ದಾರೆ, ಉಣ್ಣುತ್ತಿಲ್ಲ. "ನಾಟಿ ಮುಗಿದು ನಾಲ್ಕು ದಿನ ಆಗಿತ್ತು" ಅಂತ ಪಕ್ಕದವರಿಗೆ ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಹೇಳಿದರು. ಮನೆ ಹೋದ ಮಾತು ಆಡಲಿಲ್ಲ, ನಾಟಿಯ ಮಾತು ಮಾತ್ರ. ಜಿಲ್ಲಾಡಳಿತ ಕೆಲಕಾಲ ಪ್ರವಾಸಿಗರನ್ನು ತಡೆದಿತ್ತು. ದಾರಿ ತೆರೆದ ಮೇಲೆ ಕೆಲವರು ಬಂದು ಕುಸಿದ ಗುಡ್ಡಕ್ಕೆ ಬೆನ್ನು ಹಾಕಿ ನಗುತ್ತ ಫೋಟೋ ತೆಗೆಸಿಕೊಂಡರು. ಅಂಥ ಕಡೆ ನಿಮ್ಮ ಜೊತೆಯವರು ಫೋನ್ ಎತ್ತಿದರೆ ಮೆಲ್ಲಗೆ ಕೈ ಹಿಡಿದು ಕೆಳಗಿಳಿಸಿ.

ಅದೇ 2018ರಲ್ಲಿ ಫಿಲಿಪ್ಪೀನ್ಸ್ ದೇಶದವರು ಬೊರಾಕಾಯ್ ಅನ್ನುವ ತಮ್ಮ ಹೆಸರಾಂತ ದ್ವೀಪವನ್ನು ಆರು ತಿಂಗಳು ಪ್ರವಾಸಿಗರಿಗೆ ಮುಚ್ಚಿದರು. ಹೋಟೆಲುಗಳ ಕೊಳಕು ನೀರು ಸಮುದ್ರ ಸೇರುತ್ತಿತ್ತು, ಅದನ್ನು ಸರಿಪಡಿಸಿ ಆಮೇಲೆ ತೆರೆದರು. ಪ್ರವಾಸಿಗರನ್ನೇ ನಂಬಿ ಬದುಕುವ ದ್ವೀಪ, ಆರು ತಿಂಗಳ ಸಂಪಾದನೆ ಬಿಟ್ಟಿತು. ಪೇಪರಿನಲ್ಲಿ ಓದಿ ನನಗೆ ಆ ಜನರ ಮೇಲೆ ಗೌರವ ಬಂತು. ಮಾಂದಲಪಟ್ಟಿಯ ಹುಲ್ಲಿನಲ್ಲಿ ಬಿದ್ದ ಬಾಟಲಿಯೂ ಮಳೆಗೆ ಹೊಳೆಗೇ ಇಳಿಯುತ್ತದೆ, ಹೊಳೆ ಹಾರಂಗಿಗೆ, ಹಾರಂಗಿ ಕಾವೇರಿಗೆ. ಬೆಂಗಳೂರಿನ ನಿಮ್ಮ ನಲ್ಲಿಯಲ್ಲಿ ಬರುವುದು ಆ ಕಾವೇರಿಯ ನೀರೇ. ನೀವು ಆ ಬಾಟಲಿ ಎಸೆಯುವವರಲ್ಲ ಅಂತ ನನಗೆ ಗೊತ್ತು. ಎಸೆದ ಗೆಳೆಯನಿಗೆ ಹೇಳಲು ಮುಜುಗರಪಡಬೇಡಿ. ನೀವು ಮನೆಯವರು, ನಿಮಗೆ ಹೇಳುವ ಹಕ್ಕಿದೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಬೆಟ್ಟಕ್ಕೆ, ಜಲಪಾತಕ್ಕೆ ಹೋಗಬೇಡಿ ಅಂದ ದಿನ ಮನೆಯಲ್ಲೇ ಕೂತು ಹಲಸಿನ ಬೀಜ ಸುಟ್ಟು ತಿನ್ನಿ. ಹೊಳೆಯ ಜೊತೆ ಹಠ ಬೇಡ.

ಮಗಳೇ, ನಿನಗೆ ಮಾತ್ರ ಒಂದು ಮಾತು. ನೀವು ಹೋದ ಮೇಲೆ ಆ ನಾಗಪುರದ ಹಣ್ಣುಗಳಲ್ಲಿ ಎರಡು ಮೇಜಿನ ಮೇಲೆ ಉಳಿದಿದ್ದವು. ತಿಂದೆ, ಚೆನ್ನಾಗಿಯೇ ಇದ್ದವು. ಅವೂ ಯಾವುದೋ ರೈತನ ಬೆವರೇ. ಮೊನ್ನೆ ಬಸ್ಸಿನಲ್ಲಿ ಚೆಟ್ಟಳ್ಳಿಗೆ ಹೋಗಿ ವಿಚಾರಿಸಿ ಬಂದೆ. ಹಿತ್ತಿಲಲ್ಲಿ ಹಳೆಯ ಬಾವಿಯ ಪಕ್ಕ ಎರಡು ಗುಂಡಿ ತೆಗೆಸಿದ್ದೇನೆ, ಒಂದಾದರೂ ಸಸಿ ಹಿಡಿಯಲಿ ಅಂತ. ಕಕ್ಕಡ ಹದಿನೆಂಟಕ್ಕೆ ರಜೆ ಹಾಕಿ ಬಾ. ಕಣಿಲೆ ತಿನ್ನುತ್ತೀರಾ ಅಂತ ಕೇಳಿದ್ದಳಲ್ಲ, ಆ ಕನ್ನಡಕದ ಹುಡುಗಿ, ಅವಳನ್ನೂ ಕರೆದುಕೊಂಡು ಬಾ. ಬೇಲಿಯ ಕಾಚಂಪುಳಿ ಮರ ಈ ವರ್ಷ ತುಂಬ ಹೂಬಿಟ್ಟಿದೆ. ನಿನ್ನ ಅಜ್ಜಿಯ ಭರಣಿಯನ್ನು ಅಟ್ಟದಿಂದ ಇಳಿಸಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಮಡಕೆಯ ಮುಂದೆ ಕೂತು ಉರಿ ನೋಡಿಕೊಳ್ಳಲು ಇಬ್ಬರು ಬೇಕು.